ಗಾಜು ಕಳೆದು

ಕುಂಕಳ್ಕರ್ ಟೇಪು ಹಿಡಿದು ಬಂದ.
ಎತ್ತರ ಇಷ್ಟು, ಅಗಲ ಇಷ್ಟು, ಅಂಗೈಯಲ್ಲಿ ಬರೆದುಕೊಂಡ.
ಆಮೇಲೆ ಗಾಜಿಗೇನು ಬಣ್ಣ ಹಚ್ತೀಯೇನೋ ಎಂದು ನಕ್ಕು
ಗಾಜನ್ನೆಲ್ಲ ಕಳೆದ.
ಉಳಿದದ್ದು ಬೆರಳಗಲದ ಪಟ್ಟಿಗಳು.
ಒಂಬತ್ತು ಕಿಟಕಿ ಸೇರಿ
ಎರಡು ಬಾಗಿಲಿನ ಕೂಲಿ.

ಲೊಟಲಿಯ ಮನೆ. ಕಿಟಕಿಗೆ ಇಪ್ಪತ್ನಾಲ್ಕು ಕಣ್ಣು.
ಕೆಲವಕ್ಕೆ ಇನ್ನೂ ಚಿಪ್ಪು, ಹೊಳೆಯಿಂದ ತೆಗೆದು
ತೆಳ್ಳಗೆ ಸವೆಸಿದ್ದು, ಉಗುರು ತಾಗಿದರೆ
ಈರುಳ್ಳಿಯ ಹಾಗೆ ಪದರ ಏಳುವಂಥದ್ದು.
ಒಡೆದಲ್ಲೆಲ್ಲ ಯಾವಾಗಲೋ ಗಾಜು ಕೂಡಿಸಿದ್ದಾರೆ.
ಕುಂಕಳ್ಕರ್ ಚಿಪ್ಪನ್ನೂ ಕಳೆದಿದ್ದ.

ಕೆರೆಯುತ್ತ ಹೋದೆ. ಮೊದಲು ಹಸಿರು,
ಅದರಡಿ ಔಷಧಿ ಅಂಗಡಿಯ ನೀಲಿ,
ಅದರಡಿ ಎಲೆಅಡಿಕೆ ಉಗುಳಿದಂಥ ಕೆಂಪು,
ಆಮೇಲೆ ಸಾಗವಾನಿ, ಹಳೆ ಬೆಲ್ಲದ ಬಣ್ಣದ್ದು.
ಮೂಗಿಗೆ ಬಟ್ಟೆ ಕಟ್ಟಿಕೊಂಡೆ.
ಡಬ್ಬಿಯ ಪುಟ್ಟಿ ಬೇಡವೆಂದು
ಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ
ರೊಟ್ಟಿ ಹಿಟ್ಟಿನ ಹಾಗೆ ನಾದಿದೆ.
ಈ ಕೈ ಹುಟ್ಟಿದ್ದು ಬೈನಾದ ಗುಡಿಸಲಲ್ಲಿ,
ಆದರೆ ನಾದುವುದು ಹುನಗುಂದದ ಕಡೆಯ ರೀತಿ.

ಬಣ್ಣ ಕಲಿಸಿದವನು ದುರಗಪ್ಪಣ್ಣ. ಹೇಳುತ್ತಿದ್ದ:
ಬ್ರಶ್ಶಿನ ತುದಿ ನೋಡಬ್ಯಾಡಲೇ,
ಗೆರಿ ಹೊಂಟದ್ದೆಲ್ಲಿಗೆ, ಅದನ್ನ ನೋಡು.
ಉಸಿರು ಅರ್ಧ ಬಿಟ್ಟು ಹಿಡಿ.
ಮತ್ತ ಬಣ್ಣ ಮರದ ಮ್ಯಾಲೆ ನಿಲ್ಲಬಾರದು,
ಒಂದು ಕೂದಲೆಳಿ ಗಾಜಿನ ಮ್ಯಾಲೆ ಏರಬೇಕು.
ಇಲ್ಲಂದ್ರ ನೀರು ಸಂದಿ ಹುಡುಕ್ಕೋತ ಬರ್ತದ.

ಅಂಚು, ಮೂಲೆ, ಅಂಚು, ಮೂಲೆ.
ಮೂರನೇ ದಿನ ಅಲ್ಬೆರ್ತಿನಾ ಬಾಯಿ ಏಣಿಯ ಕೆಳಗೆ ನಿಂತು
ಎಷ್ಟು ಕೊಡ್ತಾನೆ ಅವನು ಎಂದು ಕೇಳಿದಳು.
ಹೇಳಿದೆ. ಗಾಜು ಕಳೆದದ್ದನ್ನೂ ಹೇಳಿದೆ.
ಒಳಗೆ ಹೋದವಳು ತನ್ನ ಟೇಪು ತಂದಳು,
ದರ್ಜಿಯ ಟೇಪು, ಮೊದಲ ಅಂಕಿಗಳು ಅಳಿಸಿ ಹೋದದ್ದು.
ನಲವತ್ತು ವರ್ಷ ಮಡಗಾಂವಿನ ಮದುಮಗಳಂದಿರಿಗೆ
ಫ್ರಾಕು ಹೊಲಿದವಳು.
ಎಂಟು, ಹತ್ತು, ಎಂಟು, ಹತ್ತು. ಕಣ್ಣಿಗೆ ಮೂರು ಅಡಿ.
ಕಿಟಕಿಗೆ ಎಪ್ಪತ್ತೆರಡು. ಒಂಬತ್ತಕ್ಕೆ
ಪೆನ್ಸಿಲ್ ನೆಕ್ಕಿ ಕೂಡಿಸಿದಳು.
ಆರುನೂರ ನಲವತ್ತೆಂಟು.
ನನ್ನ ಬಲ್ಕಾಂವಿನ ಮೆಟ್ಟಿಲಿಂದ ಇಗರ್ಜಿಯ ಶಿಲುಬೆಯವರೆಗೆ, ಎಂದಳು.
ಅರಿವೆಗೆ ಬೇರೆ ದರ, ಮಡಿಕೆಗೆ ಬೇರೆ ದರ, ಎಂದಳು.
ಸುತ್ತಿನ ಅಂಗಿಯ ಅಂಚು ಮಡಿಸಿದವರಿಗೆ ಮಾತ್ರ ಗೊತ್ತು.

ಕುಂಕಳ್ಕರ್‌ಗೆ ಫೋನು ಹೋಯಿತು.
ಹಾಂ ಬಾಯಿ, ಹೂಂ ಬಾಯಿ, ಬಂದು ನೋಡ್ತೇನೆ ಬಾಯಿ.
ಬರಲಿಲ್ಲ.
ಅವಳು ನನಗೆ ಕೊಟ್ಟದ್ದು ಬೆಲ್ಲದ ಚಹಾ,
ಎರಡು ಪೋಯಿ, ಮತ್ತು ಒಗೆದು ಮೆತ್ತಗಾದ
ಒಂದು ಚೀಲ ಹಳೆ ಹತ್ತಿಯ ಚಿಂದಿ.
ಒರೆಸಲು ಅಂಥ ಚಿಂದಿ ಪೇಟೆಯಲ್ಲಿ ಸಿಗುವುದಿಲ್ಲ.

ಕೊನೆಯ ಕೋಟು ಸಂಜೆ ಮುಗಿಯಿತು.
ಮುಚ್ಚಿದರೆ ಚೌಕಟ್ಟಿಗೆ ಅಂಟುತ್ತದೆ. ತೆರೆದಿಟ್ಟರೆ
ಕಳ್ಳರು, ಎಂದಳು ಬಾಯಿ.
ಹಾಗಾಗಿ ರಾತ್ರಿ ನಾನು ಬಲ್ಕಾಂವಿನಲ್ಲಿ ಮಲಗಿದೆ.
ಒಂಬತ್ತು ಕಿಟಕಿ ರೆಕ್ಕೆ ಬಿಚ್ಚಿಕೊಂಡಿದ್ದವು,
ಒಳಗೆ ಅವಳ ಗೊರಕೆ, ಟರ್ಪೆಂಟೈನ್ ವಾಸನೆ.
ಬೈನಾದಲ್ಲಿ ನಮ್ಮ ಗುಡಿಸಲು ಕೆಡವಿದ ಮೇಲೆ
ಸರ್ಕಾರಿ ಕಾಗದ ಒಂದನ್ನೂ ನಾನು ಓದಿಲ್ಲ.
ಮೂವತ್ತು ನಲವತ್ತು ಸೈಟು ಅಂತ ಊರಿನವರು ಮಾತಾಡುತ್ತಾರೆ.
ನನ್ನದು ಆರುನೂರ ನಲವತ್ತೆಂಟು ಉದ್ದ,
ಕೂದಲೆಳೆ ಅಗಲ,
ಅದೂ ಅವನು ಕಳೆದ ಗಾಜಿನ ಮೇಲೆ.
ನಗು ಬಂತು. ನಿದ್ದೆಯೂ ಬಂತು.

ಬೆಳಿಗ್ಗೆ ನೋಡಿದರೆ ಏಳನೇ ಕಿಟಕಿಯ ಕೆಳಮೂಲೆಗೆ
ಬೂದು ಪತಂಗವೊಂದು ಅಂಟಿಕೊಂಡಿದೆ, ಸತ್ತಿಲ್ಲ.
ಉಗುರಿನಿಂದ ಬಿಡಿಸಿದೆ. ಒಂದು ಕಾಲು ಅಲ್ಲೇ ಉಳಿಯಿತು.
ಬ್ಲೇಡು, ಚಿಂದಿ, ಸಣ್ಣ ಬ್ರಶ್ಶು.
ಅರ್ಧ ಉಸಿರು.
ಅಷ್ಟು ಜಾಗ ಮತ್ತೆ ಹಚ್ಚಿದೆ. ಅದಕ್ಕೂ ಲೆಕ್ಕವಿಲ್ಲ.